ಐಟಿಲ್, ಸರ್ವಿಸ್‌ನೌ, ಐಎಸ್‌ಒ 20000, ಕೋಬಿಟ್: ಪುಣೆಯಲ್ಲಿ ಕೂತು ಯಾವುದಕ್ಕೆ ದುಡ್ಡು ಹಾಕ್ಬೇಕು, ನನ್ನ ರಿವ್ಯೂ

ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡ್ತೀನಿ. ಸರ್ವಿಸ್ ಮ್ಯಾನೇಜ್ಮೆಂಟ್, ಅಂದ್ರೆ ಕಂಪನಿಯ ಐಟಿ ಸೇವೆಗಳು ಸರಿಯಾಗಿ ನಡೆಯೋ ಹಾಗೆ ನೋಡ್ಕೊಳ್ಳೋ ಕೆಲಸದಲ್ಲಿ ಇರೋರು, ಬರೋರು, ಆ ಕೆಲಸದ ಪದ್ಧತಿ ಹೇಳೋ ಐಟಿಲ್‌ನ ಮೊದಲ ಪರೀಕ್ಷೆ ಫೌಂಡೇಶನ್ ಮಾಡ್ಕೊಳ್ಳಿ, ಅದಕ್ಕೆ ಕ್ಲಾಸ್ ಬೇಡ, ಮನೇಲೇ ಓದಿ ಮಾಡಬಹುದು. ಅದಾದ ಮೇಲೆ ಟ್ರೇನಿಂಗ್‌ನವರ ಗೋಡೆ ಮೇಲೆ ಒಂದು ದೊಡ್ಡ ಚಾರ್ಟ್ ಇರತ್ತಲ್ಲ, ಕೆಳಗಡೆ ಫೌಂಡೇಶನ್, ತುದೀಲಿ ಮಾಸ್ಟರ್, ಅದನ್ನ ಮೆಟ್ಟಿಲು ಮೆಟ್ಟಿಲಾಗಿ ಹತ್ತಲೇಬೇಕು ಅಂತ ಏನೂ ಇಲ್ಲ. ನೀವು ದಿನಾ ಆಫೀಸಲ್ಲಿ ಯಾವ ಕೆಲಸ ಮಾಡ್ತೀರಿ, ಟಿಕೆಟ್, ಅಂದ್ರೆ ಜನ ಕಳಿಸೋ ಐಟಿ ದೂರು ಬಿಡಿಸೋದಾ, ಟೂಲ್ ಕಾನ್ಫಿಗರ್ ಮಾಡೋದಾ, ಆಡಿಟರ್ ಮುಂದೆ ಫೈಲ್ ಹಿಡ್ಕೊಂಡು ಕೂರೋದಾ, ಅದನ್ನ ನೋಡಿ ಎರಡನೇ ಸರ್ಟಿಫಿಕೇಟ್ ಆರಿಸಿ. ಎರಡನೇದು ತಪ್ಪಾದ್ರೇನೇ ದುಡ್ಡು ಹೋಗೋದು, ಮೊದಲನೇದರಲ್ಲಿ ಯಾರೂ ಅಷ್ಟು ಕಳ್ಕೊಳ್ಳಲ್ಲ.

ನಾನು ಧಾರವಾಡದವಳು, ಈಗ ಪುಣೆಯ ವಾಕಡದಲ್ಲಿ ಮನೆ, ಹಿಂಜವಡಿಯಲ್ಲಿ ಕೆಲಸ. ಸರ್ವಿಸ್ ಡೆಸ್ಕ್‌ನಲ್ಲಿ ಹೆಡ್‌ಸೆಟ್ ಹಾಕ್ಕೊಂಡು ಐಟಿ ದೂರಿನ ಕಾಲ್ ಎತ್ತೋದ್ರಿಂದ ಶುರು ಮಾಡಿ, ಆಮೇಲೆ ಇನ್ಸಿಡೆಂಟ್ ಮ್ಯಾನೇಜ್ಮೆಂಟ್, ಈಗ ಚೇಂಜ್ ಮ್ಯಾನೇಜರ್, ಅಂದ್ರೆ ಸಿಸ್ಟಮ್‌ಗಳಲ್ಲಿ ಮಾಡೋ ಬದಲಾವಣೆ ನೋಡ್ಕೊಳ್ಳೋಳು. ಫೌಂಡೇಶನ್, ಅದರ ಮೇಲಿನ ಒಂದು ಮಾಡ್ಯೂಲ್, ಸರ್ವಿಸ್‌ನೌ ಅನ್ನೋ ಟಿಕೆಟ್ ಟೂಲ್‌ನ ಅಡ್ಮಿನ್ ಪರೀಕ್ಷೆ, ಇಷ್ಟು ನಾನೇ ಮಾಡಿದ್ದು. ಐಎಸ್‌ಒ 20000, ಅಂದ್ರೆ ಐಟಿ ಸೇವೆ ಕೊಡೋ ಕಂಪನಿಗಳ ಸ್ಟ್ಯಾಂಡರ್ಡ್, ಅದರ ಆಡಿಟ್‌ನ ಆಡಿಟ್ ಆಗೋ ಕಡೆ ಕೂತು ನೋಡಿದೀನಿ. ಕೋಬಿಟ್, ಅಂದ್ರೆ ಐಟಿ ಮೇಲಿನ ಹತೋಟಿ, ಆಡಳಿತದ ಚೌಕಟ್ಟು, ಅದರ ವಿಷಯ ಮುಂಬೈನಲ್ಲಿ ಬ್ಯಾಂಕ್ ಕೆಲಸದಲ್ಲಿರೋ ಗೆಳತಿ ಜೊತೆ ತಲೆ ಕೆಡಿಸ್ಕೊಂಡು ಮಾತಾಡಿದ್ದು. ಪುಣೆಯಲ್ಲಿ ನಮ್ಮ ಕಡೆ ಹುಡುಗ ಹುಡುಗೀರು ಈ ಲೈನಲ್ಲಿ ಎಷ್ಟು ಜನ ಇದಾರೆ ಅಂದ್ರೆ, ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕಲಬುರಗಿಯಿಂದ ಬಿಸಿಎನೋ ಬಿಎಸ್ಸಿನೋ ಮುಗಿಸಿ ಬರ್ತಾರೆ, ಕೋಡಿಂಗ್ ಕೆಲಸ ತಕ್ಷಣ ಸಿಗಲ್ಲ, ಮೊದಲು ತೆರೆಯೋ ಬಾಗಿಲು ಸರ್ವಿಸ್ ಡೆಸ್ಕೇ. ಅವರಿಗೆಲ್ಲ ಒಂದು ವರ್ಷ ಆಗೋದ್ರೊಳಗೆ ಇದೇ ಪ್ರಶ್ನೆ. ಹೋದ ವಾರ ನಮ್ಮ ಸೋದರತ್ತೆ ಮಗಳು ಫೋನ್ ಮಾಡಿ, "ಅಕ್ಕಾ, ಕ್ಲಾಸಿನವ್ರು ಎಲ್ಲಾ ಕೋರ್ಸ್ ಕೂಡಿಸಿ ಕಾಂಬೋ ಕೊಡ್ತೀವಿ ಅಂತಾರ, ಇಎಂಐ ಮ್ಯಾಲೆ, ಸೇರ್ಕೊಂಡ್ಬಿಡ್ಲೇನ?" ಅಂದ್ಳು. ಸೇರಬ್ಯಾಡ, ತಡಿ ಅಂದೆ. ಅವಳಿಗೆ ಫೋನಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೀತಾ ಇದೀನಿ.

ಮೊದಲು ಐಟಿಲ್. ಇದು 1980ರ ದಶಕದಲ್ಲಿ ಬ್ರಿಟನ್ ಸರ್ಕಾರದ ಒಂದು ಇಲಾಖೆ ತನ್ನ ಐಟಿ ಖರ್ಚು, ಗೊಂದಲ ಹತೋಟಿಗೆ ತರೋಕೆ ಶುರು ಮಾಡಿದ್ದು. ನಾನು ಓದಿದ್ದು, ನಮ್ಮ ಆಫೀಸಲ್ಲಿ ಎಲ್ಲರ ಬಾಯಲ್ಲಿರೋದು ಐಟಿಲ್ 4, 2019ರಲ್ಲಿ ಬಂದದ್ದು. 2021ರಲ್ಲಿ ಇದರ ಮಾಲೀಕ ಕಂಪನಿ ಆಕ್ಸೆಲಾಸ್‌ನ ಪೀಪಲ್‌ಸರ್ಟ್ ಕೊಂಡ್ಕೊಂಡಿತು, ಹಾಗಾಗಿ ಪುಸ್ತಕವೂ ಅವರದ್ದೇ ಪರೀಕ್ಷೆಯೂ ಅವರದ್ದೇ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಯಾವುದಾದ್ರೂ ಇನ್‌ಸ್ಟಿಟ್ಯೂಟ್ ನಿಮಗೆ ಅರ್ಧಕ್ಕರ್ಧ ಡಿಸ್ಕೌಂಟ್ ಅಂತ ಮೆಸೇಜ್ ಕಳಿಸಿದ್ರೆ, ಪರೀಕ್ಷೆ ಫೀಸು ಅವರ ಕೈಲಿಲ್ಲ, ಅವರು ಇಳಿಸೋದು ತಮ್ಮ ಕ್ಲಾಸಿನ ಫೀಸು ಮಾತ್ರ, ಹಾಗಿದ್ರೆ ಆ ಕ್ಲಾಸಿನ ಮೊದಲ ಬೆಲೆ ಎಷ್ಟು ಉಬ್ಬಿಸಿದ್ದಿರಬೇಕು ನೀವೇ ಲೆಕ್ಕ ಹಾಕಿ. ಫೌಂಡೇಶನ್ ಪರೀಕ್ಷೆ 40 ಪ್ರಶ್ನೆ, 60 ನಿಮಿಷ, 26 ಸರಿ ಆದ್ರೆ ಪಾಸು, ನೆಗೆಟಿವ್ ಮಾರ್ಕಿಂಗ್ ಇಲ್ಲ, ಪುಸ್ತಕ ನೋಡೋ ಹಾಗಿಲ್ಲ. ಇಂಗ್ಲಿಷ್ ಮಾತೃಭಾಷೆಯೂ ಅಲ್ಲ ಕೆಲಸದ ಭಾಷೆಯೂ ಅಲ್ಲ ಅನ್ನೋರಿಗೆ 25% ಟೈಮ್ ಹೆಚ್ಚಿಗೆ ಕೊಡ್ತಾರೆ, ಅಂದ್ರೆ 75 ನಿಮಿಷ, ಬುಕ್ ಮಾಡೋವಾಗ್ಲೇ ನೋಡ್ಕೊಳ್ಳಿ. ನಿಜ ಹೇಳ್ಬೇಕಂದ್ರೆ ಓದಿದವರಿಗೆ ಒಂದು ಗಂಟೆ ಧಾರಾಳ ಆಯ್ತು.

ಫೌಂಡೇಶನ್ ಬರೀ ಥಿಯರಿ, ಕೆಲಸಕ್ಕೆ ಬರಲ್ಲ ಅಂತ ಹೇಳೋರು ಬಹಳ ಜನ. ನಾನು ಒಪ್ಪಲ್ಲ. ಒಂದು ಉದಾಹರಣೆ ಕೊಡ್ತೀನಿ. ಸೋಮವಾರ ಬೆಳಗ್ಗೆ ಒಂಬತ್ತೂವರೆ, ಹೊರಗಿಂದ ಆಫೀಸ್ ನೆಟ್‌ವರ್ಕ್‌ಗೆ ಸೇರಿಸೋ ವಿಪಿಎನ್ ಬಿತ್ತು, ಡೆಸ್ಕ್‌ಗೆ ಕಾಲ್ ಮೇಲೆ ಕಾಲ್. ನೆಟ್‌ವರ್ಕ್ ಹುಡುಗ ಗೇಟ್‌ವೇ ರೀಸ್ಟಾರ್ಟ್ ಮಾಡ್ದ, ಎದ್ದು ನಿಂತಿತು, ಇನ್ಸಿಡೆಂಟ್ ಕ್ಲೋಸ್, ಎಲ್ಲರೂ ಚಾ ಕುಡಿಯೋಕೆ ಹೋದ್ರು. ಮುಂದಿನ ಸೋಮವಾರ ಮತ್ತೆ ಅದೇ ಹೊತ್ತಿಗೆ ಅದೇ ಕಥೆ. ಫೌಂಡೇಶನ್ ಓದದ ಟೀಮ್ ಪ್ರತಿ ಸೋಮವಾರ ರೀಸ್ಟಾರ್ಟ್ ಮಾಡಿ ಎಸ್‌ಎಲ್‌ಎ, ಅಂದ್ರೆ ಮಾತು ಕೊಟ್ಟ ಟೈಮ್‌ನೊಳಗೆ ಸರಿ ಮಾಡಿದ್ವಿ ಅನ್ನೋ ಲೆಕ್ಕ, ಹಸಿರು ತೋರಿಸ್ತಾ ಕೂರತ್ತೆ. ಓದಿದವರಿಗೆ ಗೊತ್ತಿರತ್ತೆ, ಸೇವೆ ವಾಪಸ್ ತರೋದು ಇನ್ಸಿಡೆಂಟ್ ಕೆಲಸ, ಯಾಕೆ ಬೀಳ್ತಿದೆ ಅಂತ ಹುಡುಕೋದು ಪ್ರಾಬ್ಲಮ್ ಕೆಲಸ, ಎರಡಕ್ಕೂ ಬೇರೆ ಬೇರೆ ರೆಕಾರ್ಡ್ ಬೇಕು, ರೀಸ್ಟಾರ್ಟ್ ಮಾಡೋದನ್ನ ವರ್ಕ್‌ಅರೌಂಡ್, ಅಂದ್ರೆ ತಾತ್ಕಾಲಿಕ ದಾರಿ, ಅಂತ ಬರೆದಿಟ್ಟು, ಕಾರಣ ಗೊತ್ತಾಗಿ ಇನ್ನೂ ರಿಪೇರಿ ಆಗಿಲ್ಲ ಅಂದ್ರೆ ಅದನ್ನ ನೋನ್ ಎರರ್ ಅಂತ ಗುರುತು ಹಾಕಿ, ಲೈಸೆನ್ಸ್ ಹೆಚ್ಚಿಸೋಕೋ ಪ್ಯಾಚ್ ಹಾಕೋಕೋ ಒಂದು ಚೇಂಜ್, ಅಂದ್ರೆ ಬದಲಾವಣೆಯ ಅರ್ಜಿ ಎತ್ತಬೇಕು ಅಂತ. ಇಷ್ಟನ್ನ ಬೇರೆ ಬೇರೆ ಇಟ್ಟು ನೋಡೋ ಕಣ್ಣು ಫೌಂಡೇಶನ್ ಕೊಡತ್ತೆ. ಇಡೀ ಪುಸ್ತಕದಲ್ಲಿ 34 ಪ್ರಾಕ್ಟೀಸ್ ಇದೆ, ಏಳು ಗೈಡಿಂಗ್ ಪ್ರಿನ್ಸಿಪಲ್ ಇದೆ, ವ್ಯಾಲ್ಯೂ ಚೈನ್‌ನಲ್ಲಿ ಆರು ಚಟುವಟಿಕೆ ಇದೆ, ಪರೀಕ್ಷೆಗೆ ಆ ಪ್ರಾಕ್ಟೀಸ್‌ಗಳಲ್ಲಿ 15 ಬೇಕು, ಆದ್ರೆ ದಿನದ ಕೆಲಸಕ್ಕೆ ಇನ್ಸಿಡೆಂಟ್, ಪ್ರಾಬ್ಲಮ್, ಚೇಂಜ್, ರಿಕ್ವೆಸ್ಟ್ ಇವು ನಾಲ್ಕು ಗಟ್ಟಿಯಾದ್ರೆ ಕಂಪನಿ ನಿಮ್ಮನ್ನ ಬೇರೆ ರೀತಿ ನೋಡತ್ತೆ.

ಪರೀಕ್ಷೆ ಮನೆಯಿಂದ ಬರೆಯೋರಿಗೆ ಸ್ವಲ್ಪ ಹೇಳ್ಬೇಕು, ಇಲ್ಲೇ ಜನ ಸುಮ್ಮಸುಮ್ಮನೆ ಟೆನ್ಷನ್ ತಗೋತಾರೆ. ಅವರ ಸಾಫ್ಟ್‌ವೇರ್ ಹಾಕ್ಕೋಬೇಕು, ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಅಡ್ಮಿನ್ ರೈಟ್ಸ್ ಇರಲ್ಲ, ಹಾಗಾಗಿ ಸ್ವಂತ ಲ್ಯಾಪ್‌ಟಾಪೇ ಬೇಕು, ಹಿಂದಿನ ದಿನವೇ ಚೆಕ್ ಮಾಡಿ. ಪ್ರಾಕ್ಟರ್, ಅಂದ್ರೆ ಆನ್‌ಲೈನಲ್ಲಿ ಕಾವಲು ಕೂರೋರು, ವೆಬ್‌ಕ್ಯಾಮ್ ತಿರುಗಿಸಿ ರೂಮ್ ಪೂರ್ತಿ ತೋರಿಸು ಅಂತಾರೆ, ಟೇಬಲ್ ಕೆಳಗೂ. ನನ್ನ ಟೇಬಲ್ ಮೇಲೆ ನೀರಿನ ಲೋಟದ ಕೆಳಗೆ ಹಾಸಿದ್ದ ಹಳೇ ಪೇಪರ್ ತುಂಡನ್ನೂ ತೆಗೆಸಿದ್ರು. ರೂಮಲ್ಲಿ ಬೇರೆ ಯಾರೂ ಇರಬಾರದು, ಬರಬಾರದು. ವಾಕಡದ ಒನ್ ಬಿಎಚ್‌ಕೆ ಫ್ಲ್ಯಾಟಲ್ಲಿ ಮೂರು ಜನ ಹುಡುಗೀರು ಸೇರಿ ಇರ್ತೀರಿ ಅಂದ್ರೆ ಒಂದು ಗಂಟೆ ಬಾಗಿಲು ಹಾಕಿಕೊಳ್ಳೋ ವ್ಯವಸ್ಥೆ ಮೊದಲೇ ಮಾಡ್ಕೊಳ್ಳಿ. ಇನ್ನೊಂದು ಮುಖ್ಯ ವಿಷಯ, ಹೆಸರು. ನಮ್ಮ ಕಡೆಯವರಿಗೆ ಆಧಾರ್‌ನಲ್ಲಿ ಒಂದು ರೀತಿ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಸೇರಿಸಿ ಇನ್ನೊಂದು ರೀತಿ, ಆಫೀಸಲ್ಲಿ ಅಡ್ಡಹೆಸರು ಮೊದಲು. ಯಾವ ಐಡಿ ತೋರಿಸ್ತೀರೋ ಅದರಲ್ಲಿ ಇದ್ದ ಹಾಗೇ ಅಕ್ಷರ ಅಕ್ಷರ ಪ್ರೊಫೈಲ್‌ನಲ್ಲಿ ಹಾಕಿ, ಆಮೇಲೆ ಸರ್ಟಿಫಿಕೇಟ್ ಮೇಲೂ ಅದೇ ಬರತ್ತೆ.

ಓದೋಕೆ ಏನು ಬೇಕು? ಪರೀಕ್ಷೆ ಜೊತೆಗೇ ಅಧಿಕೃತ ಇ-ಬುಕ್ ಬರತ್ತೆ, ಅದನ್ನ ಓದಿ, ಒಳ್ಳೆ ಮಾಕ್ ಪೇಪರ್ ಮಾಡಿ, ಸಾಕು. ವಾಟ್ಸಾಪ್‌ನಲ್ಲಿ ತಿರುಗೋ ಡಂಪ್, ಅಂದ್ರೆ ಕದ್ದ ಪ್ರಶ್ನೆಗಳ ಪಿಡಿಎಫ್, ದಯವಿಟ್ಟು ಮುಟ್ಟಬೇಡಿ. ಅದು ಮೋಸ ಅನ್ನೋದು ಒಂದು, ಅದರಲ್ಲಿ ಅರ್ಧ ಹಳೇ ಸರಕು ಅನ್ನೋದು ಇನ್ನೊಂದು. 26 ಪ್ರೊಸೆಸ್, ಐದು ಲೈಫ್‌ಸೈಕಲ್ ಹಂತ ಅಂತ ಬಂದ್ರೆ ಅದು ವರ್ಷನ್ 3, ಎಸೀರಿ. ಚೇಂಜ್ ಎನೇಬಲ್ಮೆಂಟ್ ಅನ್ನೋ ಕಡೆ ಚೇಂಜ್ ಕಂಟ್ರೋಲ್ ಅಂತ ಇದ್ರೆ ಅದು ಐಟಿಲ್ 4ರ ಮೊದಮೊದಲ ಪಠ್ಯದ್ದು, ಅದೂ ಹಳೇದೇ.

ಈಗ ಕ್ಲಾಸಿನ ವಿಷಯ, ಯಾಕಂದ್ರೆ ಫೌಂಡೇಶನ್ ಮೇಲಿನ ಮ್ಯಾನೇಜಿಂಗ್ ಪ್ರೊಫೆಷನಲ್ ಮಾಡ್ಯೂಲ್‌ಗಳಿಗೆ ಸ್ವಂತ ಓದು ನಡೆಯಲ್ಲ, ಮಾನ್ಯತೆ ಇರೋ ಟ್ರೇನಿಂಗ್ ಕಡ್ಡಾಯ. ನಾನು ಕ್ರಿಯೇಟ್ ಡೆಲಿವರ್ ಅಂಡ್ ಸಪೋರ್ಟ್ ಮಾಡ್ಯೂಲ್‌ಗೆ ಪುಣೆಯ ಡೆಕ್ಕನ್ ಏರಿಯಾ ಕಡೆ ಒಂದು ಇನ್‌ಸ್ಟಿಟ್ಯೂಟ್ ಸೇರಿದ್ದೆ, ಶನಿವಾರ ಭಾನುವಾರ, ಬೆಳಗ್ಗೆಯಿಂದ ಸಂಜೆವರೆಗೆ. ಹೆಸರು ಹಾಕಲ್ಲ. ಟ್ರೇನರ್ ಅದ್ಭುತ, ಇದನ್ನ ಮನಸಾರೆ ಹೇಳ್ತೀನಿ, ವರ್ಷಗಟ್ಟಲೆ ಆಪರೇಷನ್ಸ್‌ನಲ್ಲಿ ನೈಟ್ ಶಿಫ್ಟ್ ಮಾಡಿದ ಮನುಷ್ಯ, ಸ್ಲೈಡ್ ಪಕ್ಕಕ್ಕಿಟ್ಟು ಬೋರ್ಡ್ ಮೇಲೆ ಇಂಪ್ಯಾಕ್ಟ್ ಒಂದು ಕಡೆ ಅರ್ಜೆನ್ಸಿ ಒಂದು ಕಡೆ ಗೆರೆ ಎಳೆದು, "ಬಘಾ, ಎಂಡಿ ಲ್ಯಾಪ್‌ಟಾಪ್ ಹ್ಯಾಂಗ್ ಆಗಿದೆ, ಅದೇ ಹೊತ್ತಿಗೆ ತಿಂಗಳ ಕೊನೆ ದಿನ ಪೇರೋಲ್ ಸರ್ವರ್ ನಿಧಾನ ಆಗಿದೆ, ಯಾವುದು ಪಿ1, ಯಾವುದನ್ನ ಮೊದಲು ಎತ್ತಬೇಕು?" ಅಂತ ಕೇಳಿ ಕ್ಲಾಸ್‌ನ ಎರಡು ಪಾರ್ಟಿ ಮಾಡಿ ಜಗಳ ಹಚ್ಚಿದ್ರು. ಅರ್ಧ ಗಂಟೆ ನಡೀತು ಆ ವಾದ. ಕೊನೆಗೆ ಅವರು ಹೇಳಿದ್ದು, ಯಾರು ಜೋರಾಗಿ ಕೂಗ್ತಾರೆ ಅನ್ನೋದು ಈ ಕೋಷ್ಟಕದಲ್ಲಿ ಎಲ್ಲೂ ಇಲ್ಲ, ಎಷ್ಟು ಜನರ ಕೆಲಸ ನಿಂತಿದೆ, ಎಷ್ಟು ಬೇಗ ನಷ್ಟ ಶುರು ಆಗತ್ತೆ, ಇವೆರಡೇ ಇರೋದು ಅಂತ. ಆಮೇಲೆ ನಮ್ಮ ನಮ್ಮ ಆಫೀಸಿನ ಒಂದು ರಿಕ್ವೆಸ್ಟ್ ತಗೊಂಡು, ಹೊಸಬರಿಗೆ ಲ್ಯಾಪ್‌ಟಾಪ್ ಕೊಡೋದು ಅಂತಿಟ್ಕೊಳ್ಳಿ, ಮ್ಯಾನೇಜರ್ ಅಪ್ರೂವಲ್‌ನಿಂದ ಹಿಡಿದು ಕೈಗೆ ಬರೋತನಕ ಎಲ್ಲೆಲ್ಲಿ ಕಾಯತ್ತೆ ಅಂತ ಪೇಪರ್ ಮೇಲೆ ಬಿಡಿಸಿದ್ವಿ. ಕೆಲಸ ಮಾಡೋ ಟೈಮ್ ಕೆಲವೇ ಗಂಟೆ, ಉಳಿದದ್ದೆಲ್ಲ ಯಾರದ್ದೋ ಕ್ಯೂನಲ್ಲಿ ಸುಮ್ಮನೆ ಬಿದ್ದಿರೋ ಟೈಮ್. ಈ ಮಾಡ್ಯೂಲ್‌ನ ಜೀವ ಇದೇ, ಇಷ್ಟು ಚೆನ್ನಾಗಿ ಕಲಿಸಿದ್ದಕ್ಕೆ ಐದಕ್ಕೆ ಐದು.

ಆದ್ರೆ ಅದೇ ಇನ್‌ಸ್ಟಿಟ್ಯೂಟ್‌ನ ಕೌನ್ಸೆಲರ್ ಟೇಬಲ್‌ಗೆ ನಾನು ಐದಕ್ಕೆ ಒಂದೇ ಕೊಡೋದು. ಪಕ್ಕದಲ್ಲಿ ಕೂತಿದ್ದ ಸಾಂಗಲಿ ಹುಡುಗ ಡೆಸ್ಕ್‌ಗೆ ಸೇರಿ ಇನ್ನೂ ವರ್ಷ ಆಗಿಲ್ಲ, ಅವನಿಗೆ ನಾಲ್ಕೂ ಮಾಡ್ಯೂಲ್ ಒಟ್ಟಿಗೆ ಇಎಂಐನಲ್ಲಿ ಕಟ್ಟಿಸಿದ್ರು, ಮ್ಯಾನೇಜಿಂಗ್ ಪ್ರೊಫೆಷನಲ್ ಆದ್ರೆ ಮ್ಯಾನೇಜರ್ ಕೆಲಸ ಸಿಗತ್ತೆ ಅಂತ. ಸಿಗಲ್ಲ. ನಾನು ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂರ್ತೀನಿ, ಒಂದು ವರ್ಷ ಅನುಭವದ ರೆಸ್ಯೂಮೆಯಲ್ಲಿ ಆ ದೊಡ್ಡ ಟೈಟಲ್ ನೋಡಿದ್ರೆ ನಾವು ಇನ್ನೂ ಗಟ್ಟಿ ಪ್ರಶ್ನೆ ಕೇಳ್ತೀವಿ, ಪಾಪ ಅವರು ಅಲ್ಲೇ ಬೀಳ್ತಾರೆ. ಬಡ ಮನೆ ಹುಡುಗರ ಮೊದಲ ಸಂಬಳಕ್ಕೆ ಈ ರೀತಿ ಕೈ ಹಾಕೋದು ನೋಡಿದ್ರೆ ನಂಗೆ ನಿಜವಾಗ್ಲೂ ಸಿಟ್ಟು ಬರತ್ತೆ. ಪಾಸ್ ಗ್ಯಾರಂಟಿ ಅಂತ ಬೋರ್ಡ್ ಬೇರೆ. ಗ್ಯಾರಂಟಿ ಅಂದ್ರೆ ಏನು ಅಂತ ಕೇಳಿದಾಗ ಫೇಲ್ ಆದ್ರೆ ಕ್ಲಾಸಲ್ಲಿ ಮತ್ತೆ ಕೂರಬಹುದು ಅಂದ್ರು, ಮರುಪರೀಕ್ಷೆ ಫೀಸು ನಮ್ಮದೇ. ಪೀಪಲ್‌ಸರ್ಟ್‌ನಲ್ಲೇ ಟೇಕ್2 ಅಂತ ಒಂದು ಆಯ್ಕೆ ಇದೆ, ಮೊದಲೇ ಸ್ವಲ್ಪ ಸೇರಿಸಿ ಕಟ್ಟಿದ್ರೆ ಎರಡನೇ ಸಲ ಬರೆಯೋಕೆ ಬಿಡ್ತಾರೆ, ಕೋಟ್ ತಗೊಳ್ಳೋವಾಗ ಅದು ಸೇರಿದೆಯಾ ಅಂತ ಬರವಣಿಗೆಯಲ್ಲಿ ಕೇಳಿ. ಇನ್‌ಸ್ಟಿಟ್ಯೂಟ್‌ಗೆ ಮಾನ್ಯತೆ ಇದೆಯಾ ಅಂತ ಪೀಪಲ್‌ಸರ್ಟ್ ಸೈಟಿನ ಪಟ್ಟಿಯಲ್ಲೇ ಹುಡುಕಿ ನೋಡಿ, ಗೋಡೆ ಮೇಲಿನ ಲೋಗೋ ನಂಬಬೇಡಿ.

ಹಾಗಾದ್ರೆ ಮೇಲಿನದ್ದು ಯಾರಿಗೆ? ಮ್ಯಾನೇಜಿಂಗ್ ಪ್ರೊಫೆಷನಲ್ ಅಂದ್ರೆ ನಾಲ್ಕು ಮಾಡ್ಯೂಲ್, ಒಂದೊಂದೂ 40 ಪ್ರಶ್ನೆ, 90 ನಿಮಿಷ, 28 ಸರಿ ಬೇಕು, ಪ್ರಶ್ನೆಗಳು ಫೌಂಡೇಶನ್ ಥರ ನೆನಪಿನ ಪ್ರಶ್ನೆ ಅಲ್ಲ, ಸಂದರ್ಭ ಕೊಟ್ಟು ಏನು ಮಾಡ್ತೀರಿ ಅಂತ ಕೇಳ್ತಾರೆ. ಟೀಮ್ ನಡೆಸೋರು, ಸರ್ವಿಸ್ ಡೆಲಿವರಿ ಮ್ಯಾನೇಜರ್ ಆಗೋ ಹಾದಿಯಲ್ಲಿ ಇರೋರು, ಫಾರಿನ್ ಕ್ಲೈಂಟ್ ಜೊತೆ ದಿನಾ ಮಾತಾಡೋರು, ಅವರಿಗೆ ಸರಿ. ಅದರಲ್ಲೂ ನಾಲ್ಕೂ ಒಟ್ಟಿಗೆ ಬೇಡ, ನಿಮ್ಮ ಕೆಲಸಕ್ಕೆ ಹತ್ತಿರದ್ದು ಒಂದು ಮಾಡಿ, ಅದನ್ನ ಆಫೀಸಲ್ಲಿ ಬಳಸಿ ನೋಡಿ, ಆಮೇಲೆ ಮುಂದಿನದು. ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ದಾರಿ ಇದೆ, ಪ್ರಾಕ್ಟೀಸ್ ಮ್ಯಾನೇಜರ್ ಕಡೆಯದ್ದು. ಅದರಲ್ಲಿ ಮಾನಿಟರ್ ಸಪೋರ್ಟ್ ಅಂಡ್ ಫುಲ್‌ಫಿಲ್ ಅಂತ ಒಂದು ಕಟ್ಟು ಬರತ್ತೆ, ಇನ್ಸಿಡೆಂಟ್, ಪ್ರಾಬ್ಲಮ್, ಸರ್ವಿಸ್ ಡೆಸ್ಕ್, ಸರ್ವಿಸ್ ರಿಕ್ವೆಸ್ಟ್, ಮಾನಿಟರಿಂಗ್ ಐದೂ ಒಂದರಲ್ಲೇ. ಡೆಸ್ಕ್‌ನಲ್ಲಿ ಎರಡು ಮೂರು ವರ್ಷ ಕೂತ ನಮ್ಮ ಹುಡುಗರಿಗೆ ನಾನು ಕಣ್ಣು ಮುಚ್ಚಿ ಹೇಳೋದು ಇದನ್ನೇ, ಓದಿದ್ದು ಮರುದಿನವೇ ಶಿಫ್ಟ್‌ನಲ್ಲಿ ಕೈಗೆ ಸಿಗತ್ತೆ. ಚೇಂಜ್, ರಿಲೀಸ್, ಕಾನ್ಫಿಗರೇಶನ್ ಕೆಲಸದವರಿಗೆ ಪ್ಲಾನ್ ಇಂಪ್ಲಿಮೆಂಟ್ ಅಂಡ್ ಕಂಟ್ರೋಲ್ ಅಂತ ಇನ್ನೊಂದು ಕಟ್ಟು. ನನ್ನ ಮುಂದಿನದು ಅದೇ.

ಇನ್ನು ಸರ್ಟಿಫಿಕೇಟ್ ಎಷ್ಟು ದಿನ ನಡೆಯತ್ತೆ ಅನ್ನೋ ವಿಷಯ. 2023ರಿಂದ ಐಟಿಲ್ ಸರ್ಟಿಫಿಕೇಟ್‌ಗೆ ಮೂರು ವರ್ಷದ ಅವಧಿ ಹಾಕಿದಾರೆ. ಮುಗಿಯೋದ್ರೊಳಗೆ ಅದೇ ಪರೀಕ್ಷೆ ಮತ್ತೆ ಬರೀಬೇಕು, ಇಲ್ಲಾ ಅದೇ ಐಟಿಲ್ ಸಾಲಿನಲ್ಲಿ ಇನ್ನೊಂದು ಪರೀಕ್ಷೆ ಪಾಸಾಗಬೇಕು, ಇಲ್ಲಾ ಮೆಂಬರ್‌ಶಿಪ್ ತಗೊಂಡು ವರ್ಷ ವರ್ಷ ಸಿಪಿಡಿ, ಅಂದ್ರೆ ಕಲಿಕೆ ಮುಂದುವರಿಸಿದ ಪಾಯಿಂಟ್ ತುಂಬಬೇಕು. ಮೊದಲು ಒಂದು ಸಲ ಪಾಸಾದ್ರೆ ಜೀವನಪೂರ್ತಿ ಅನ್ನೋ ಹಾಗಿತ್ತು, ನಮ್ಮ ಸೀನಿಯರ್‌ಗಳು ಇನ್ನೂ ಅದೇ ಅಂದ್ಕೊಂಡಿದಾರೆ, ಅವರ ಮಾತು ಕೇಳಿ ಲೆಕ್ಕ ಹಾಕಬೇಡಿ. ಇದು ನಂಗೆ ಇಷ್ಟ ಆಗದ ನಿಯಮ, ಆದ್ರೆ ಇದೆ, ಹಾಗಾಗಿ ಎರಡನೇ ಸರ್ಟಿಫಿಕೇಟ್ ಯಾವಾಗ ಅಂತ ಪ್ಲಾನ್ ಮಾಡೋವಾಗ ಮೊದಲನೇದರ ಅವಧಿ ಮುಗಿಯೋಕೆ ಸ್ವಲ್ಪ ಮುಂಚೆ ಇಟ್ಕೊಂಡ್ರೆ ಒಂದೇ ಖರ್ಚಲ್ಲಿ ಎರಡೂ ಆಗತ್ತೆ. ಮೊದಲ ವರ್ಷದಲ್ಲೇ ಎಲ್ಲಾ ಕಾಂಬೋ ಮುಗಿಸಿದ ಆ ಸಾಂಗಲಿ ಹುಡುಗನಿಗೆ ಈ ಅನುಕೂಲವೂ ಇಲ್ಲ ನೋಡಿ.

ಸರ್ವಿಸ್‌ನೌ ಬಗ್ಗೆ ಬರೆಯೋವಾಗ ಮನಸ್ಸು ಹಗುರ ಆಗತ್ತೆ, ಯಾಕಂದ್ರೆ ಇಲ್ಲಿ ಕಲಿಯೋಕೆ ದುಡ್ಡೇ ಬೇಡ. ಅವರದ್ದೇ ಸೈಟಲ್ಲಿ ಅಡ್ಮಿನ್ ಕೋರ್ಸ್ ಉಚಿತ ಇದೆ, ಅದಕ್ಕಿಂತ ದೊಡ್ಡದು ಅಂದ್ರೆ ಡೆವಲಪರ್ ಅಕೌಂಟ್ ಮಾಡ್ಕೊಂಡ್ರೆ ಒಂದು ಸ್ವಂತ ಇನ್‌ಸ್ಟನ್ಸ್, ಅಂದ್ರೆ ಆ ಟೂಲ್‌ನ ಒಂದು ಪ್ರತಿ ಕೊಡ್ತಾರೆ, ಪೂರ್ತಿ ನಿಮ್ಮದು, ನೀವೇ ಅಡ್ಮಿನ್. ಬಳಸದೇ ಬಿಟ್ರೆ ಮಲಗಿಬಿಡತ್ತೆ, ಎಬ್ಬಿಸಬೇಕು, ಕೆಲವು ದಿನ ಪೂರ್ತಿ ಮುಟ್ಟಲಿಲ್ಲ ಅಂದ್ರೆ ವಾಪಸ್ ತಗೊಂಡುಬಿಡ್ತಾರೆ, ಹಾಗಾಗಿ ಮಾಡಿದ ಕೆಲಸ ಅಪ್‌ಡೇಟ್ ಸೆಟ್ ಅನ್ನೋ ಕಟ್ಟಿನಲ್ಲಿ ಉಳಿಸಿ ಇಳಿಸ್ಕೊಂಡಿರಿ. ನಮ್ಮ ಅತ್ತೆ ಮಗಳಿಗೆ ಭಾನುವಾರ ಮನೆಗೆ ಕರೆದು ಇದನ್ನೇ ತೋರಿಸ್ದೆ. ಇನ್ಸಿಡೆಂಟ್ ಫಾರ್ಮ್ ತೆಗೆದು ಪ್ರಯಾರಿಟಿ ಬದಲಾಯಿಸು ಅಂದೆ, ಆಗಲಿಲ್ಲ, ಬೂದು ಬಣ್ಣದಲ್ಲಿ ಲಾಕ್ ಆಗಿದೆ. ಇಂಪ್ಯಾಕ್ಟ್ 3 ಇದ್ದದ್ದನ್ನ 1 ಮಾಡಿಸ್ದೆ, ಅರ್ಜೆನ್ಸಿಯನ್ನೂ 1 ಮಾಡಿಸ್ದೆ, ಪ್ರಯಾರಿಟಿ ತಾನಾಗೇ 1 ಕ್ರಿಟಿಕಲ್‌ಗೆ ಜಿಗೀತು. "ಅಯ್ಯ ಅಕ್ಕಾ, ಇದನ್ನ ಪುಸ್ತಕದಾಗ ಓದಿದ್ನೆಲ್ಲಾ!" ಅಂದ್ಳು. ಫೌಂಡೇಶನ್‌ನಲ್ಲಿ ಓದಿದ್ದು ಟೂಲ್‌ನಲ್ಲಿ ಹೀಗೆ ಕಣ್ಣೆದುರು ಕಂಡಾಗ ಮರೆಯೋಕೆ ಸಾಧ್ಯನೇ ಇಲ್ಲ, ಅದಕ್ಕೇ ನಾನು ಎರಡನ್ನೂ ಜೊತೆಜೊತೆಗೆ ಓದಿ ಅಂತ ಹೇಳೋದು.

ಅಡ್ಮಿನ್ ಪರೀಕ್ಷೆ ಸಿಎಸ್‌ಎ 60 ಪ್ರಶ್ನೆ, 90 ನಿಮಿಷ, ಕೆಲವಕ್ಕೆ ಒಂದಕ್ಕಿಂತ ಹೆಚ್ಚು ಉತ್ತರ ಆರಿಸಬೇಕು, ಅಲ್ಲೇ ಜನ ಎಡವೋದು. ಅದಾದ ಮೇಲೆ ಐಟಿಎಸ್‌ಎಂ (ಐಟಿ ಸರ್ವಿಸ್ ಮ್ಯಾನೇಜ್ಮೆಂಟ್) ಇಂಪ್ಲಿಮೆಂಟೇಶನ್ ಸ್ಪೆಷಲಿಸ್ಟ್, ಅದಕ್ಕೆ ಸಿಎಸ್‌ಎ ಇರಲೇಬೇಕು. ಈ ದಾರಿಯ ಕಷ್ಟ ಅಂದ್ರೆ ಓದು ನಿಲ್ಲಲ್ಲ, ವರ್ಷಕ್ಕೆ ಎರಡು ಹೊಸ ರಿಲೀಸ್ ಬರ್ತವೆ, ಝೂರಿಕ್‌ವರೆಗೆ ಊರುಗಳ ಹೆಸರಲ್ಲಿ ಬಂದವು, ವ್ಯಾಂಕೂವರ್, ವಾಷಿಂಗ್ಟನ್, ಕ್ಸನಾಡು, ಯೊಕೊಹಾಮಾ ಅಂತ, ಸರ್ಟಿಫಿಕೇಟ್ ಜೀವಂತ ಇಡೋಕೆ ಡೆಲ್ಟಾ ಅಂತ ಸಣ್ಣ ಪರೀಕ್ಷೆ ಮಾಡ್ತಾ ಇರಬೇಕು, ಬಿಟ್ರೆ ಹೋಯ್ತು. ಇನ್ನೊಂದು, ನಿಮ್ಮ ಆಫೀಸಲ್ಲಿ ಇರೋದು ಯಾವ ಟೂಲ್ ನೋಡಿ. ಪುಣೆಯಲ್ಲಿ ಬಿಎಂಸಿ ಅನ್ನೋ ಸಾಫ್ಟ್‌ವೇರ್ ಕಂಪನಿಯದ್ದೇ ದೊಡ್ಡ ಆಫೀಸ್ ಇದೆ, ಹೀಲಿಕ್ಸ್, ರೆಮೆಡಿ ಟೂಲ್ ಮೇಲೆ ನಡೆಯೋ ಅಕೌಂಟ್, ಅಂದ್ರೆ ಕ್ಲೈಂಟ್ ಪ್ರಾಜೆಕ್ಟ್ ಇದಾವೆ, ಜೀರಾ ಸರ್ವಿಸ್ ಮ್ಯಾನೇಜ್ಮೆಂಟ್ ಬಳಸೋ ಪ್ರಾಡಕ್ಟ್ ಕಂಪನಿಗಳು ಬಾನೇರ್, ಖರಾಡಿ ಕಡೆ ಇದಾವೆ. ಆದ್ರೂ ನನ್ನ ಅಭಿಪ್ರಾಯ, ಕೈಗೆ ಕೆಲಸ ಬೇಕು, ಡೆಸ್ಕ್‌ನಿಂದ ಹೊರಗೆ ಬರಬೇಕು, ನೈಟ್ ಶಿಫ್ಟ್ ಬಿಡಬೇಕು ಅನ್ನೋ ಹುಡುಗರಿಗೆ ಫೌಂಡೇಶನ್ ಆದ ಮೇಲೆ ಹಾಕೋ ಮೊದಲ ರೂಪಾಯಿ ಇಲ್ಲಿಗೇ ಹೋಗಬೇಕು. ಸ್ವಲ್ಪ ಜಾವಾಸ್ಕ್ರಿಪ್ಟ್ ಕಲೀರಿ, ಟೂಲ್‌ನೊಳಗಿನ ಸಣ್ಣ ಕೋಡ್, ಅಂದ್ರೆ ಬಿಸಿನೆಸ್ ರೂಲ್, ಕ್ಲೈಂಟ್ ಸ್ಕ್ರಿಪ್ಟ್ ಬರೆಯೋಷ್ಟು ಸಾಕು.

ಐಎಸ್‌ಒ 20000 ಬಗ್ಗೆ ಬಹಳ ಗೊಂದಲ ಇದೆ. ಐಟಿಲ್ ಸರ್ಟಿಫಿಕೇಟ್ ಸಿಗೋದು ವ್ಯಕ್ತಿಗೆ, ನಮ್ಮ ಕಂಪನಿ ಐಟಿಲ್ ಸರ್ಟಿಫೈಡ್ ಅಂತ ಯಾರಾದ್ರೂ ಹೇಳಿದ್ರೆ ಅಂಥದ್ದೊಂದು ಇಲ್ಲವೇ ಇಲ್ಲ. ಕಂಪನಿಗೆ ಸಿಗೋದು ಐಎಸ್‌ಒ 20000-1, 2005ರಲ್ಲಿ ಮೊದಲು ಬಂತು, ನಾನು ನೋಡಿದ ಆಡಿಟ್‌ಗಳು 2018ರ ಆವೃತ್ತಿ ಮೇಲೆ ನಡೆದದ್ದು. ಟೆಂಡರ್ ಹಾಕೋವಾಗ, ಯುರೋಪ್ ಕ್ಲೈಂಟ್ ಹಿಡಿಯೋವಾಗ ಇದನ್ನ ಕೇಳ್ತಾರೆ, ಹಾಗಾಗಿ ಕಂಪನಿ ಒಳಗೆ ಇದನ್ನ ಸಂಭಾಳಿಸೋ ಜನ ಬೇಕು, ವ್ಯಕ್ತಿಗಳಿಗೆ ಫೌಂಡೇಶನ್, ಲೀಡ್ ಆಡಿಟರ್ ಅಂತ ಕೋರ್ಸ್ ಇರೋದು ಅದಕ್ಕೇ. ಲೀಡ್ ಆಡಿಟರ್ ಸಾಮಾನ್ಯವಾಗಿ ಐದು ದಿನದ ಕ್ಲಾಸು, ಕೊನೆಗೆ ಪರೀಕ್ಷೆ. ಆಡಿಟ್ ದಿನ ಹೇಗಿರತ್ತೆ ಗೊತ್ತಾ, ಆಡಿಟರ್ ನಿಮ್ಮ ಪ್ರೊಸೆಸ್ ಡಾಕ್ಯುಮೆಂಟ್ ಹೊಗಳಲ್ಲ, ಚೇಂಜ್ ಪಟ್ಟಿಯಿಂದ ತಾವೇ ಒಂದು ನಂಬರ್ ಬೆರಳಿಟ್ಟು ತೋರಿಸಿ, ಇದಕ್ಕೆ ಅಪ್ರೂವಲ್ ಯಾರು ಕೊಟ್ರು, ಯಾವಾಗ, ಟೆಸ್ಟ್ ಮಾಡಿದ ಸಾಕ್ಷಿ ತೋರಿಸಿ, ಫೇಲ್ ಆಗಿದ್ರೆ ವಾಪಸ್ ತರೋ ಪ್ಲಾನ್ ಎಲ್ಲಿ ಅಂತಾರೆ. ನಮ್ಮಲ್ಲಿ ಒಂದು ಎಮರ್ಜೆನ್ಸಿ ಚೇಂಜ್‌ಗೆ ಅಪ್ರೂವಲ್ ವಾಟ್ಸಾಪ್‌ನಲ್ಲಿ ಬಂದಿತ್ತು, ಟಿಕೆಟ್‌ಗೆ ಸೇರಿಸಿರಲಿಲ್ಲ, ಕೆಲಸ ಎಲ್ಲಾ ಸರಿಯಾಗೇ ಆಗಿತ್ತು, ಆದ್ರೂ ಬರೆದ್ರು ನಾನ್-ಕನ್ಫಾರ್ಮಿಟಿ, ಅಂದ್ರೆ ನಿಯಮ ಪಾಲಿಸಿಲ್ಲ ಅಂತ. ಆ ಬರೆಯೋ ಕಡೆ ಕೂರೋಕೆ ಇಷ್ಟ ಇರೋರು, ಡಾಕ್ಯುಮೆಂಟ್, ಸಾಕ್ಷಿ, ಶಿಸ್ತು ಇಷ್ಟಪಡೋರು, ಕ್ವಾಲಿಟಿ ಅಥವಾ ಕಂಪ್ಲಯನ್ಸ್ ಟೀಮ್‌ಗೆ ಹೋಗೋರು, ಇದನ್ನ ಖಂಡಿತ ಮಾಡಿ. 27001 ಸೆಕ್ಯುರಿಟಿ ಸ್ಟ್ಯಾಂಡರ್ಡ್‌ಗೂ ಇದಕ್ಕೂ ಚೌಕಟ್ಟು ಒಂದೇ, ಕಲಂ 4ರಿಂದ 10ರವರೆಗೆ ಅದೇ ತಲೆಬರಹ, ಒಂದು ಗೊತ್ತಾದ್ರೆ ಇನ್ನೊಂದು ಅರ್ಧ ಓದಿದ ಹಾಗೇ. ಡೆಸ್ಕ್‌ನಲ್ಲಿರೋ ಹೊಸಬರಿಗೆ ಇದು ಬೇಡ, ನೋಡೋಕೆ ಆಡಿಟ್ಟೇ ಸಿಗಲ್ಲ, ಓದಿದ್ದು ಒಣಗಿಹೋಗತ್ತೆ.

ಕೋಬಿಟ್ ಮುಂಬೈಯವರ ವಿಷಯ ಅಂತ ನಾನು ಹೇಳೋದುಂಟು. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್, ಅಂದ್ರೆ ಬಿಕೆಸಿ ಕಡೆ ಬ್ಯಾಂಕು, ಇನ್ಶೂರೆನ್ಸ್, ಅಲ್ಲಿ ಮಾತೆಲ್ಲ ರಿಸ್ಕು, ಕಂಟ್ರೋಲು, ಆಡಿಟ್ ಕಮಿಟಿ. ರಿಸರ್ವ್ ಬ್ಯಾಂಕ್ 2023ರ ನವೆಂಬರ್‌ನಲ್ಲಿ ಐಟಿ ಗವರ್ನೆನ್ಸ್ ಮೇಲೆ ಹೊಸ ನಿರ್ದೇಶನ ಹೊರಡಿಸಿತು, 2024ರ ಏಪ್ರಿಲ್ 1ರಿಂದ ಜಾರಿ, ಆಮೇಲಿಂದ ಗೆಳತಿ ಟೀಮ್‌ನಲ್ಲಿ ಈ ಭಾಷೆ ಬರೋರಿಗೆ ಬೆಲೆ ಹೆಚ್ಚಾಯ್ತಂತೆ. ಕೋಬಿಟ್ 2019 ಫೌಂಡೇಶನ್ 75 ಪ್ರಶ್ನೆ, ಎರಡು ಗಂಟೆ, 65% ಬೇಕು. 40 ಉದ್ದೇಶಗಳನ್ನ ಐದು ಗುಂಪಾಗಿ ಇಟ್ಟಿದಾರೆ, ಬೋರ್ಡ್ ಕೂರೋ ರೂಮಿನಿಂದ ಸರ್ವಿಸ್ ಡೆಸ್ಕ್‌ವರೆಗೆ. ಓದೋಕೆ ಒಣ ಅನಿಸತ್ತೆ, ಆದ್ರೆ ಚೆನ್ನಾಗಿದೆ. ಆದ್ರೆ ನಿಜವಾಗ್ಲೂ ಆಡಿಟ್ ಕಡೆ ಹೋಗೋದು ಅಂತ ನಿರ್ಧಾರ ಆಗಿದ್ರೆ ಕೋಬಿಟ್ ತಂದ ಇಸಾಕಾ ಸಂಸ್ಥೆಯದ್ದೇ ಐಟಿ ಆಡಿಟರ್ ಪರೀಕ್ಷೆ ಸಿಸಾ ಮಾಡಿ, 150 ಪ್ರಶ್ನೆ, ನಾಲ್ಕು ಗಂಟೆ, 800ಕ್ಕೆ 450 ಸ್ಕೋರ್, ಪಾಸಾದ್ರೂ ಐದು ವರ್ಷದ ಅನುಭವ ತೋರಿಸಿದ ಮೇಲೇ ಸರ್ಟಿಫಿಕೇಟು, ಡಿಗ್ರಿ ಓದಿಗೆ ಆ ವರ್ಷಗಳಲ್ಲಿ ಒಂದಿಷ್ಟು ರಿಯಾಯ್ತಿ ಇದೆ. ಪರೀಕ್ಷೆ ಮೊದಲು ಬರೆದಿಟ್ಟು ಅನುಭವ ಆಮೇಲೆ ತುಂಬಿಸಬಹುದು. ಮುಂಬೈ, ಪುಣೆ ಎರಡೂ ಕಡೆ ಇಸಾಕಾ ಚಾಪ್ಟರ್ ಇದೆ, ಅವರ ಮೀಟಿಂಗ್‌ಗೆ ಹೋಗಿ ಆ ಕೆಲಸ ಮಾಡೋರ ಜೊತೆ ಎರಡು ಮಾತಾಡಿ ಆಮೇಲೆ ದುಡ್ಡು ಕಟ್ಟಿ.

ಇನ್ನು ಸಿಯಾಮ್, ವೆರಿಎಸ್ಎಂ, ಡೆವಾಪ್ಸ್ ಫೌಂಡೇಶನ್ ಅಂತೆಲ್ಲ ಕೇಳ್ತೀರಿ. ಬೇರೆ ಬೇರೆ ವೆಂಡರ್‌ಗಳನ್ನ ಒಟ್ಟಿಗೆ ನಡೆಸೋ ಅಕೌಂಟ್‌ನಲ್ಲಿದ್ರೆ ಸಿಯಾಮ್ ನೋಡಿ, ಉಳಿದದ್ದಕ್ಕೆ ಈಗ ಅವಸರ ಇಲ್ಲ. ಫಿಟ್‌ಎಸ್ಎಂ ಅಂತ ಒಂದಿದೆ, ಅದರ ಸ್ಟ್ಯಾಂಡರ್ಡ್ ಪೂರ್ತಿ ಉಚಿತವಾಗಿ ಸಿಗತ್ತೆ, ಕೆಲವೇ ಪುಟ, ಐಟಿಲ್ ಪುಸ್ತಕ ನೋಡಿ ಹೆದರಿದವರು ಮೊದಲು ಅದನ್ನ ಒಂದು ಸಲ ಓದಿ, ಪರೀಕ್ಷೆ ಬರೀದೇ ಇದ್ರೂ ಪರವಾಗಿಲ್ಲ.

ದುಡ್ಡಿನ ಮಾತು ಕೊನೆಗೆ. ಕ್ಲಾಸಿನವರು ಹೇಳೋ ರೇಟ್ ಮೇಲೆ 18% ಜಿಎಸ್‌ಟಿ ಬೇರೆ ಬೀಳತ್ತೆ, ಎಲ್ಲಾ ಸೇರಿ ಎಷ್ಟು ಅಂತ ಕೇಳಿ, ಪರೀಕ್ಷೆ ವೌಚರ್ ಅದರಲ್ಲಿದೆಯಾ, ವೌಚರ್ ಅವಧಿ ಯಾವಾಗ ಮುಗಿಯತ್ತೆ, ಇವೆರಡೂ ಇಮೇಲ್‌ನಲ್ಲಿ ಬರಲಿ. ಅದಕ್ಕೂ ಮುಂಚೆ ಎಚ್‌ಆರ್ ಹತ್ತಿರ ಹೋಗಿ ಸರ್ಟಿಫಿಕೇಶನ್ ರೀಇಂಬರ್ಸ್‌ಮೆಂಟ್ ಇದೆಯಾ ಕೇಳಿ, ದೊಡ್ಡ ಕಂಪನಿಗಳಲ್ಲಿ ಬಹಳಷ್ಟು ಕಡೆ ಇರತ್ತೆ, ನಮ್ಮ ಹುಡುಗರು ಸಂಕೋಚಕ್ಕೆ ಕೇಳೋದೇ ಇಲ್ಲ. ಕೊಡ್ತೀವಿ ಅಂದ್ರೆ ಷರತ್ತು ಓದಿ, ಇಷ್ಟು ತಿಂಗಳು ಕೆಲಸ ಬಿಡಬಾರದು, ಬಿಟ್ರೆ ವಾಪಸ್ ಕಟ್ಟಬೇಕು ಅಂತ ಇರತ್ತೆ, ಬೇರೆ ಕಡೆ ಆಫರ್ ಕೈಲಿಟ್ಕೊಂಡು ಸಹಿ ಹಾಕಬೇಡಿ. ಮೊದಲು ಅಪ್ರೂವಲ್ ಆಮೇಲೆ ಪೇಮೆಂಟ್, ಈ ಕ್ರಮ ತಪ್ಪಿದ್ರೆ ಬಹಳ ಕಡೆ ಕ್ಲೇಮ್ ತಿರಸ್ಕಾರ ಆಗತ್ತೆ. ಇನ್‌ವಾಯ್ಸ್ ನಿಮ್ಮ ಹೆಸರಲ್ಲಿ ಬೇಕಾ ಕಂಪನಿ ಹೆಸರು, ಜಿಎಸ್‌ಟಿ ನಂಬರ್ ಹಾಕಿ ಬೇಕಾ ಅಂತ ಫೈನಾನ್ಸ್‌ನವರನ್ನ ಕೇಳಿಕೊಂಡು ಬಂದು ಆಮೇಲೆ ಕಾರ್ಡ್ ತೆಗೀರಿ. ಅತ್ತೆ ಮಗಳು ಕಾಂಬೋ ಬಿಟ್ಟಳು, ಫೌಂಡೇಶನ್ ಒಂದನ್ನ ಬುಕ್ ಮಾಡಿದಾಳೆ, ಟೇಕ್2 ಸೇರಿಸಿ, ಸಂಜೆ ಹೊತ್ತು ಸರ್ವಿಸ್‌ನೌ ಕೋರ್ಸ್ ಶುರು ಹಚ್ಕೊಂಡಿದಾಳೆ. ಅವಳ ಮ್ಯಾನೇಜರ್ ಅಪ್ರೂವಲ್ ಮೇಲ್ ನಿನ್ನೆ ಬಂತಂತೆ.